ಕೋಲಿನ ಮೇಲಿನ ಊರುಗಳು

ನಮ್ಮ ಕಾರಿನ ಹಿಂದಿನ ಸೀಟಿನ ಕೆಳಗೆ ಒಂದು ಕೋಲು ಇದೆ. ಒಮ್ಮೆ ಗಾಡಿ ತಪಾಸಣೆ ಮಾಡುತ್ತಿದ್ದ ಪೊಲೀಸರೊಬ್ಬರು ಅದನ್ನು ಹೊರಗೆಳೆದು, "ಇದ್ಯಾಕ್ರೀ ಗಾಡಿಯಾಗ?" ಎಂದು ಕೇಳಿದ್ದರು. ಹೊಡೆದಾಟಕ್ಕೆ ಇಟ್ಟುಕೊಂಡಿದ್ದೇನೆಂದು ಅವರ ಅನುಮಾನ. ನನ್ನ ಮೈಕಟ್ಟು ನೋಡಿದವರು ಹಾಗೆ ಅನುಮಾನಪಡುವುದು ಕಷ್ಟ. ನಾನು ಸರಕಾರಿ ಕಚೇರಿಯ ಟೈಪಿಸ್ಟ್, ನನ್ನ ಬಲವೆಲ್ಲ ಹತ್ತು ಬೆರಳುಗಳ ತುದಿಯಲ್ಲಿದೆ. ಆದರೂ ಅವರು ಕೋಲನ್ನು ಬಿಸಿಲಿಗೆ ಹಿಡಿದು, ಅದರ ಮೇಲಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದರು. "ದೇಸೂರ. ಖಾನಾಪುರ. ನಂದಗಡ. ಧಾರವಾಡ. ಗೋವಾ." ಓದಿ ಮುಗಿಸಿ, ನನ್ನನ್ನು ಒಮ್ಮೆ ನೋಡಿ, ಏನೂ ಕೇಳದೆ ಕೋಲನ್ನು ಮರಳಿ ಒಳಗಿಟ್ಟರು. ಇಂಥವರ ಹತ್ತಿರ ಹೆಚ್ಚು ಮಾತು ಬೇಡ ಎಂದು ಅವರಿಗೆ ಅನ್ನಿಸಿರಬೇಕು.

ಅದು ಪೆಟ್ರೋಲ್ ಅಳೆಯುವ ಕೋಲು. ಕಾರಿನ ಪೆಟ್ರೋಲ್ ಮುಳ್ಳು ನಾವು ಕೊಳ್ಳುವ ಮೊದಲೇ ಸತ್ತಿತ್ತು. ಟಾಕಿ ತುಂಬಿದ್ದರೂ ಬರಿದಾಗಿದ್ದರೂ ಅದು ನಡುವೆಯೇ ನಿಂತಿರುತ್ತಿತ್ತು, ಯಾರ ಪಕ್ಷವನ್ನೂ ವಹಿಸದ ಹಿರಿಯರ ಹಾಗೆ. ಆಗ ನನ್ನ ಅಣ್ಣ ಮಲ್ಲಿಕಾರ್ಜುನ ಹಂಚು ಹೊದಿಸುವ ರೀಪಿನ ಒಂದು ತುಂಡನ್ನು ಕೆತ್ತಿ ಸಪೂರ ಮಾಡಿ, ಕಾದ ತಂತಿಯಿಂದ ಅದರ ಮೇಲೆ ಐದು ಗೀಟು ಸುಟ್ಟು, ಪ್ರತಿ ಗೀಟಿನ ಬದಿಗೆ ಒಂದು ಊರಿನ ಹೆಸರು ಬರೆದ. ಬುಡದಲ್ಲಿ ಒಂದು ಸೊನ್ನೆ ಸುಟ್ಟ. ಟಾಕಿಯ ಬಾಯಿಂದ ಕೋಲನ್ನು ತಳಕ್ಕೆ ಇಳಿಬಿಟ್ಟು ಮೇಲೆತ್ತಿದರೆ, ಒದ್ದೆ ಯಾವ ಊರಿನವರೆಗೆ ಬಂದಿದೆಯೋ ಆ ಊರಿಗೆ ಬೆಳಗಾವಿಯಿಂದ ಹೋಗಿ ಬರುವಷ್ಟು ಪೆಟ್ರೋಲ್ ಇದೆ ಎಂದರ್ಥ. "ಲೀಟರ್ ಲೆಕ್ಕ ತಗೊಂಡು ಏನ್ ಮಾಡತಿ? ನಮಗ ಊರು ಮುಟ್ಟಿದ್ರ ಸಾಕು," ಎನ್ನುತ್ತಿದ್ದ.

ಒಂದೇ ತೊಂದರೆ. ಪೆಟ್ರೋಲಿನ ಒದ್ದೆ ನೋಡನೋಡುತ್ತಲೇ ಆರಿಹೋಗುತ್ತದೆ. ಕೋಲು ಹೊರಗೆ ಬಂದ ಕೂಡಲೇ ಊರಿನ ಹೆಸರು ಕೂಗಬೇಕು. ಕನ್ನಡಕ ಹುಡುಕುತ್ತ ನಿಂತರೆ ನಂದಗಡ ಇದ್ದದ್ದು ದೇಸೂರಾಗಿರುತ್ತದೆ. ಗೋವಾ ಗೀಟಂತೂ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಒದ್ದೆಯಾಗಿಲ್ಲ. ಟಾಕಿ ಪೂರ್ತಿ ತುಂಬಿಸಿದರೆ ಪೆಟ್ರೋಲ್ ಹಾರಿಹೋಗುತ್ತದೆಂದು ಅಣ್ಣ ನಂಬಿದ್ದ. ಅದಕ್ಕೇ ಆ ಗೀಟು ಇಂದಿಗೂ ಹೊಸದರಂತೆ ಹೊಳೆಯುತ್ತದೆ.

ಈ ಕೋಲಿನ ನೆನಪು ಇಷ್ಟು ತೀವ್ರವಾಗಿ ಬಂದದ್ದಕ್ಕೆ ಕಾರಣ ನಮ್ಮ ಕಚೇರಿಯ ಕುಲಕರ್ಣಿಯವರು. ಹೊಸ ಶತಮಾನ ಬಂದಾಗಿನಿಂದ ಅವರಿಗೆ ಹಳೆಯದೇನನ್ನು ಕಂಡರೂ ಸೇರುವುದಿಲ್ಲ. ಒಂದು ಬೆಳಿಗ್ಗೆ ಪತ್ರಿಕೆ ತಂದು ನನ್ನ ಟೈಪ್‌ರೈಟರಿನ ಮೇಲೆ ಹರವಿದರು. ಬೆಂಗಳೂರಿನ ರಸ್ತೆಯಲ್ಲಿ ಓಡುವ ಬ್ಯಾಟರಿ ಕಾರಿನ ಚಿತ್ರ. ನಮ್ಮ ರೆಕಾರ್ಡು ರೂಮಿನ ಕಪಾಟನ್ನು ಅಡ್ಡ ಮಲಗಿಸಿದರೆ ಅದಕ್ಕಿಂತ ದೊಡ್ಡದಾಗುತ್ತದೆ.

"ಸದಾನಂದ, ಪೆಟ್ರೋಲಿನ ಕಾಲ ಮುಗೀತು ನೋಡ್ರಿ. ಮನ್ಯಾಗ ಪ್ಲಗ್ಗಿಗೆ ಹಚ್ಚಿ ಮಲಗೋದು, ಮುಂಜಾನೆದ್ದು ಹೊಡಕೊಂಡು ಹೋಗೋದು. ಹೊಗಿ ಇಲ್ಲ, ವಾಸನಿ ಇಲ್ಲ, ಸಪ್ಪಳ ಇಲ್ಲ."

"ಕರೆಂಟ್ ಇರದಿದ್ರ?"

"ಕರೆಂಟ್ ಯಾಕ ಇರೂದಿಲ್ಲ?" ಎಂದರು. ಅಷ್ಟರಲ್ಲಿ ಕಚೇರಿಯ ಫ್ಯಾನು ನಿಂತಿತು. ಕುಲಕರ್ಣಿಯವರು ಅದನ್ನು ನೋಡದವರ ಹಾಗೆ ಪತ್ರಿಕೆಯಿಂದಲೇ ಗಾಳಿ ಹಾಕಿಕೊಳ್ಳತೊಡಗಿದರು.

ನಾನು ಇರುವುದು ರಾಮತೀರ್ಥ ನಗರದಲ್ಲಿ. ನಮ್ಮ ಓಣಿಯಲ್ಲಿ ಸಂಜೆ ವೋಲ್ಟೇಜು ಎಷ್ಟಿರುತ್ತದೆಂದರೆ ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಒಂದು ತಾಸು ಕಣ್ಣು ಮಿಟುಕಿಸುತ್ತದೆ. ಖಾನಾಪುರದಲ್ಲಿ ಮಳೆಗಾಲಕ್ಕೆ ಹೋದ ಕರೆಂಟು ಎಂದು ಬರುತ್ತದೆಂಬುದು ಲೈನ್‌ಮನ್ನನ ಹೆಂಡತಿಗೂ ಗೊತ್ತಿರುವುದಿಲ್ಲ. ಆ ಕಾರು ತಂದರೆ ನಾವು ಬೆಳಗಾವಿಯಲ್ಲಿ ಅರ್ಧ ಚಾರ್ಜು, ದೇಸೂರಿನಲ್ಲಿ ಯಾರದೋ ಹಿಟ್ಟಿನ ಗಿರಣಿಯಲ್ಲಿ ಕಾಲು ಚಾರ್ಜು ಮಾಡಿಸುತ್ತ, ಜೋಳದ ಹಿಟ್ಟು ಮೆತ್ತಿಕೊಂಡು ಖಾನಾಪುರ ಸೇರಬೇಕಾಗುತ್ತದೆ.

ಇದನ್ನು ಹೇಳಿದಾಗ ಕುಲಕರ್ಣಿಯವರು ಸೋಲಲಿಲ್ಲ. "ಹಂಗಾದ್ರ ಜಪಾನಿನ್ಯಾಗ ಇನ್ನೊಂದು ನಮೂನಿ ಬಂದದ. ಪೆಟ್ರೋಲೂ ಕುಡೀತದ, ಕರೆಂಟೂ ಕುಡೀತದ. ಒಂದು ಮುಗದ್ರ ಇನ್ನೊಂದು."

"ಅದು ಬೆಳಗಾವಿಗೆ ಯಾವಾಗ ಬರತೈತ್ರಿ?"

"ಬರ್ತದ. ಅಲ್ಲೀತನಕ ಗ್ಯಾಸ್ ಕಿಟ್ ಹಾಕಸ್ರಿ, ನನ್ಹಂಗ."

ಕುಲಕರ್ಣಿಯವರ ಕಾರು ಗ್ಯಾಸಿನ ಮೇಲೆ ಓಡುತ್ತಿತ್ತು. ಮಿಸ್ತ್ರಿ ಹಾಕಿಕೊಟ್ಟ ಟಾಕಿಯಲ್ಲ. ಅವರು ಅಡುಗೆಮನೆಯ ಸಿಲಿಂಡರನ್ನೇ ಹೊತ್ತು ತಂದು ಡಿಕ್ಕಿಯಲ್ಲಿ ಮಲಗಿಸುತ್ತಿದ್ದರು. ಹಾಗೆ ಮಾಡಬಾರದೆಂದು ಊರಿಗೆಲ್ಲ ಗೊತ್ತು, ಅವರಿಗೂ ಗೊತ್ತು. ಅವರ ಮನೆಯಲ್ಲಿ ಅಡುಗೆ ಮತ್ತು ತಿರುಗಾಟ ಒಂದೇ ದಿನ ಆಗುತ್ತಿರಲಿಲ್ಲ. ಒಮ್ಮೆ ಗೋಕಾಕಕ್ಕೆ ಹೊರಟು ನಿಂತಾಗ ಕಾರು ಚಾಲೂ ಆಗಲೇ ಇಲ್ಲ. ಡಿಕ್ಕಿ ತೆರೆದರೆ ಬರಿದು. ಒಳಗಿನಿಂದ ಅವರ ಹೆಂಡತಿಯ ದನಿ ಬಂತಂತೆ: "ಬ್ಯಾಳಿ ಕುದ್ಯಾಕತ್ತಾವ. ಕುದ್ದ ಮ್ಯಾಲ ಒಯ್ರಿ."

ನಗುವ ವಿಷಯವೇ. ಆದರೆ ಗ್ಯಾಸಿನ ಮಾತು ನನ್ನ ತಲೆಯಲ್ಲಿ ಉಳಿಯಿತು. ಅದಕ್ಕೆ ನನ್ನ ಹೆಂಡತಿ ಸುಮಿತ್ರಾ ಕಾರಣ. ನಮ್ಮ ಕಾರಿನೊಳಗೆ ಎಷ್ಟೋ ವರ್ಷಗಳಿಂದ ಪೆಟ್ರೋಲಿನ ಘಾಟು. ಅವಳು ಕಾರು ಹತ್ತುವ ಮೊದಲು ಒಂದು ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಂಡು, ಖಾನಾಪುರ ಮುಟ್ಟುವವರೆಗೆ ಅದನ್ನು ಮೂಗಿನಿಂದ ಇಳಿಸುತ್ತಿರಲಿಲ್ಲ. ದಾರಿಯಲ್ಲಿ ನೋಡಿದವರು ಯಾವುದೋ ದೇವಿಯ ಹರಕೆ ಇರಬೇಕೆಂದುಕೊಳ್ಳುತ್ತಿದ್ದರು. "ಮಾರ್‍ರಿ ಇದನ್ನ. ಇಲ್ಲಾ ಗ್ಯಾಸ್ ಹಾಕಸ್ರಿ. ಇಲ್ಲಾ ಆ ಬ್ಯಾಟರೀದು ತಗೋರಿ. ಮೂರರಾಗ ಒಂದು ಮಾಡ್ರಿ," ಎಂದು ಅವಳು ಹೇಳಿ ತಿಂಗಳಾಗಿತ್ತು.

ಮೂರರಲ್ಲಿ ಒಂದನ್ನೂ ನಾನು ಮಾಡುತ್ತಿರಲಿಲ್ಲ. ಯಾಕೆಂದರೆ ಕಾರು ನನ್ನೊಬ್ಬನದಲ್ಲ.

ಅಣ್ಣನೂ ನಾನೂ ಸೇರಿ ಕೊಂಡ ಕಾರು ಅದು. ಅವನಿದ್ದದ್ದು ಖಾನಾಪುರದಲ್ಲಿ. ಅಲ್ಲಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಹಂಚು ಸುಡುವ ಭಟ್ಟಿ ನೋಡಿಕೊಳ್ಳುತ್ತಿದ್ದ. ಒಂದು ವಾರ ಕಾರು ಅವನಲ್ಲಿ, ಒಂದು ವಾರ ನನ್ನಲ್ಲಿ. ರವಿವಾರ ಕಾರು ಇದ್ದವನು ಅದನ್ನು ಇನ್ನೊಬ್ಬನ ಮನೆಗೆ ಓಡಿಸಿಕೊಂಡು ಹೋಗಬೇಕು, ಅಲ್ಲೇ ಊಟ ಮಾಡಬೇಕು, ಕೀಲಿ ಕೊಟ್ಟು ಬಸ್ಸು ಹತ್ತಿ ಮರಳಬೇಕು. ಕಾರು ಕೊಡುವಾಗ ಕೋಲಿನ ಮೇಲೆ ಕನಿಷ್ಠ ಖಾನಾಪುರ ಒದ್ದೆಯಾಗಿರಬೇಕು. ಬರೆದಿಟ್ಟ ಕರಾರು ಏನೂ ಇರಲಿಲ್ಲ. ಕೋಲೇ ಕರಾರು.

ಕೋಲಿನಿಂದ ಅಳೆಯುವುದು ಅಣ್ಣನ ಹುಟ್ಟುಗುಣ. ನಾವು ಸಣ್ಣವರಿದ್ದಾಗ ನಂದಗಡದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳವಿತ್ತು. ಮಳೆಗಾಲದಲ್ಲಿ ಅಣ್ಣ ಮೊದಲು ತಾನಿಳಿದು ನೀರಿಗೆ ಕೋಲು ಹಾಕಿ, ಆ ಒದ್ದೆ ಕೋಲನ್ನು ತಂದು ದಂಡೆಯಲ್ಲಿ ನಿಂತಿದ್ದ ನನ್ನ ಮೈಗೆ ತಾಗಿಸಿ ನಿಲ್ಲಿಸುತ್ತಿದ್ದ. ಒದ್ದೆ ಮೊಣಕಾಲಿಗೆ ಬಂದರೆ, "ನಡಿ." ಸೊಂಟಕ್ಕೆ ಬಂದರೆ, "ಕೈ ಹಿಡಿ." ಎದೆಗೆ ಬಂದರೆ ಏನೂ ಹೇಳದೆ ಬೆನ್ನು ತಿರುಗಿಸಿ ಕುಳಿತುಬಿಡುತ್ತಿದ್ದ, ನಾನು ಹೆಗಲೇರಬೇಕು. ಅಡಿ, ಗೇಣು ಎಂಬ ಮಾತೇ ಇಲ್ಲ. ನೀರಿಗೆ ಅವನ ಪ್ರಕಾರ ಒಂದೇ ಅಳತೆ, ನನ್ನ ಮೈ. ಆ ಹೆಗಲ ಮೇಲೆ ಕುಳಿತು ಹಳ್ಳ ದಾಟುವ ಆಸೆಗೆ ನಾನು ಕೆಲವು ಸಲ ಮೊಣಕಾಲು ಬಗ್ಗಿಸಿ ಗಿಡ್ಡನಾಗಿ ನಿಲ್ಲುತ್ತಿದ್ದೆ. ಅವನಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ದೊಡ್ಡವನಾದ ಮೇಲೂ ನನ್ನ ಬುದ್ಧಿ ಅಷ್ಟೇ ಇತ್ತು ಎನ್ನುವುದಕ್ಕೆ ಒಂದು ಸಂಗತಿ ಹೇಳಬೇಕು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಸುಮಿತ್ರಾಳಿಗೂ ಇದೇ ಮೊದಲು, ಅವಳು ಇದನ್ನು ಓದಿದರೆ.

ಕಾರು ಕೊಂಡು ಮೂರು ವರ್ಷವಾಗಿತ್ತು. ಅಂದು ಕಾರು ಬಿಡಲು ಖಾನಾಪುರಕ್ಕೆ ಹೋದೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ಮರೆತಿದ್ದೆ. ಮರೆತೆ ಎನ್ನುವುದು ಪೂರ್ತಿ ಖರೆ ಅಲ್ಲ, ಪಂಪಿನ ಮುಂದೆ ಹಾಯುವಾಗ ನೆನಪಿತ್ತು. ಅಂಗಳದಲ್ಲಿ ಗಾಡಿ ನಿಲ್ಲಿಸಿ ಕೋಲು ಅದ್ದಿ ನೋಡಿದರೆ ಖಾನಾಪುರಕ್ಕೆ ಒಂದು ಬೆರಳು ಕಡಿಮೆ. ಅಣ್ಣ ಬಚ್ಚಲಲ್ಲಿದ್ದ. ಅವನ ಗರಗಸ ಕಟ್ಟೆಯ ಮೇಲೇ ಇತ್ತು. ನನಗೆ ಒಂದು ಹೊಳಹು ಹೊಳೆಯಿತು. ಕೋಲಿನ ಬುಡವನ್ನು ಒಂದು ಬೆರಳು ಕೊಯ್ದರೆ ಕೋಲಿನ ಮೇಲಿನ ಊರುಗಳೆಲ್ಲ ಒಂದು ಬೆರಳು ಕೆಳಗಿಳಿಯುತ್ತವೆ. ಒಂದು ಹನಿ ಪೆಟ್ರೋಲ್ ಹಾಕದೆ ಖಾನಾಪುರ ತಾನಾಗಿ ಹತ್ತಿರ ಬರುತ್ತದೆ. ಕೊಯ್ದೇಬಿಟ್ಟೆ. ತುಂಡು ಹಾರಿ ಎಲ್ಲೋ ಉರುಳಿತು. ಹುಡುಕುವಷ್ಟರಲ್ಲಿ ಅಣ್ಣ ತಲೆ ಒರೆಸಿಕೊಳ್ಳುತ್ತ ಬಂದ. ಕೋಲು ಇಳಿಬಿಟ್ಟು ಎತ್ತಿ, "ಖಾನಾಪುರ ಮುಟ್ಟೇತಿ," ಎಂದ. ನಾನು ಒಳಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಬಸ್ಸಿನಲ್ಲಿ ಮರಳಿ ಬರುವಾಗ ಪ್ರಭುನಗರದ ಹತ್ತಿರ ನೆನಪಾಯಿತು, ಬುಡದಲ್ಲಿ ಸೊನ್ನೆ ಇತ್ತಲ್ಲ! ಕೊಯ್ದ ತುಂಡಿನ ಜೊತೆ ಅದೂ ಹೋಗಿತ್ತು. ಕೋಲು ದೇಸೂರಿನಿಂದಲೇ ಶುರುವಾಗುವಂತಾಗಿತ್ತು. ಮುಂದಿನ ವಾರವಿಡೀ ಟೈಪ್ ಮಾಡುವಲ್ಲೆಲ್ಲ ತಪ್ಪು ಮಾಡಿದೆ. ಆದರೆ ಅಣ್ಣ ಏನೂ ಕೇಳಲಿಲ್ಲ. ಅವನು ನೋಡಿಲ್ಲ ಎಂದು ನಿಧಾನವಾಗಿ ಧೈರ್ಯ ಬಂತು. ಮೋಟು ಕೋಲಿನಿಂದ ಅಳೆದೂ ಎಂಟು ವರ್ಷಗಳಲ್ಲಿ ನಮ್ಮ ಕಾರು ದಾರಿಯಲ್ಲಿ ಪೆಟ್ರೋಲಿಲ್ಲದೆ ಒಮ್ಮೆಯೂ ನಿಲ್ಲಲಿಲ್ಲ. ಒಂದು ಬೆರಳಿನಿಂದ ಏನೂ ಆಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದೆ.

ಅಣ್ಣನ ಮನೆಯಲ್ಲಿ ನನಗೊಂದು ಖಾಯಂ ಕುರ್ಚಿ ಇತ್ತು. ಒಂದು ಕಾಲು ಗಿಡ್ಡ. ಊಟಕ್ಕೆ ಕುಳಿತರೆ ಅದು ಒಮ್ಮೆ ಅಣ್ಣನ ಕಡೆ, ಒಮ್ಮೆ ಸಾರಿನ ಕಡೆ ವಾಲುತ್ತಿತ್ತು. ಯಾವುದೋ ಒಂದು ರವಿವಾರದಿಂದ ಅದು ವಾಲುವುದನ್ನು ಬಿಟ್ಟಿತು. ಯಾಕೆಂದು ನಾನು ವಿಚಾರಿಸಲಿಲ್ಲ. ಕುರ್ಚಿ ಕುಂಟಿದರೆ ಮನುಷ್ಯ ವಿಚಾರಿಸುತ್ತಾನೆ, ನೆಟ್ಟಗಾದರೆ ಯಾರು ವಿಚಾರಿಸುತ್ತಾರೆ?

ಇನ್ನೊಂದು ರೂಢಿಯೂ ಇತ್ತು. ಅಣ್ಣ ನಮ್ಮ ಮನೆಗೆ ಕಾರು ಬಿಡಲು ಬಂದಾಗ, ಕೋಲಿನ ಕೆಲಸ ಮುಗಿದ ಮೇಲೆ ನನ್ನನ್ನು ಅಂಗಡಿಗೆ ಅಟ್ಟುತ್ತಿದ್ದ. "ಸದ್ಯಾ, ನಿಮ್ಮ ವೈನಿಗೆ ಪಾವ್ ಕಿಲೋ ಕುಂದಾ ತಗೊಂಡು ಬಾ, ಓಡು." ವೈನಿ ಎಂದರೆ ಅವನ ಹೆಂಡತಿ. ಬೆಳಗಾವಿಯ ಆ ಹಾಲಿನ ಸಿಹಿ ಎಂದರೆ ಅವರಿಗೆ ಪ್ರಾಣ ಎಂದು ನಾನು ತಿಳಿದಿದ್ದೆ. ಐವತ್ತರ ಹತ್ತಿರ ಬಂದ ಸರಕಾರಿ ನೌಕರನಿಗೆ "ಓಡು" ಎನ್ನುವವರು ನನ್ನ ಪಾಲಿಗೆ ಅವನೊಬ್ಬನೇ ಇದ್ದ.

ಅಣ್ಣ ಹೋಗಿ ಎಂಟು ತಿಂಗಳಾಯಿತು. ಬುಧವಾರ ಮುಂಜಾನೆ ಭಟ್ಟಿಯ ಮುಂದೆ ನಿಂತವನು ಕುಳಿತ, ಕುಳಿತವನು ಏಳಲಿಲ್ಲ. ಆ ವಾರ ಕಾರಿನ ಸರದಿ ಅವನದು. ಇನ್ನೂ ನಾಲ್ಕು ದಿನ ಉಳಿದಿತ್ತು.

ಆಮೇಲೆ ನಾನು ಮಾಡಿದ್ದನ್ನು ಕೇಳಿದರೆ ನೀವು ನಗುತ್ತೀರಿ, ನಗಿರಿ. ಸರದಿಯನ್ನು ನಾನು ಬಿಡಲಿಲ್ಲ. ಒಂದು ರವಿವಾರ ಕಾರು ಒಯ್ದು ಖಾನಾಪುರದ ಅಂಗಳದಲ್ಲಿ ನಿಲ್ಲಿಸಿ, ಊಟ ಮಾಡಿ, ಬಸ್ಸಿನಲ್ಲಿ ಬರುತ್ತೇನೆ. ಮುಂದಿನ ರವಿವಾರ ಬಸ್ಸಿನಲ್ಲಿ ಹೋಗಿ ತರುತ್ತೇನೆ. ನಡುವಿನ ವಾರ ಕಾರು ಅಲ್ಲಿ ಸುಮ್ಮನೆ ನಿಂತಿರುತ್ತದೆ. ವೈನಿಗೆ ಕಾರು ಹೊಡೆಯಲು ಬರುವುದಿಲ್ಲ.

"ಒಂದು ವಾರ ಅಲ್ಲಿ ನಿಂತು ಅದು ಏನ್ ಮಾಡತೈತ್ರಿ? ಮನಿ ಕಾಯತೈತಿ?" ಎಂದು ಸುಮಿತ್ರಾ ಕೇಳಿದಳು. ಉತ್ತರ ಇತ್ತು, ಆದರೆ ಹೇಳುವಂಥದ್ದಲ್ಲ. ವೈನಿ ಅಭಿಮಾನದ ಹೆಂಗಸು. ಬಾ ಎಂದು ಕರೆಯುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಕಾರು ಬಿಡಲು ಬಂದೆ ಎಂದರೆ ಅವರು ಎಲೆ ಹಾಕುತ್ತಾರೆ, ಕಾರು ಒಯ್ಯಲು ಬಂದೆ ಎಂದರೂ ಎಲೆ ಹಾಕುತ್ತಾರೆ. ಏನೂ ಇಲ್ಲದೆ ಸುಮ್ಮನೆ ಬಂದೆ ಎಂದು ಬಾಗಿಲಲ್ಲಿ ನಿಲ್ಲಲು ನನಗೆ ಬಾಯಿಲ್ಲ. ಈ ಕಾರು ಹೋಗಿ ನನ್ನದೇ ಒಂದು ಬ್ಯಾಟರಿ ಕಾರೋ ಮತ್ತೊಂದೋ ಬಂದರೆ ಸರದಿ ಎಲ್ಲಿಯದು? ಮೊದಲು ತಿಂಗಳಿಗೊಮ್ಮೆ ಹೋಗುತ್ತೇನೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಯಾರದೋ ಲಗ್ನದಲ್ಲಿ ಭೇಟಿಯಾದಾಗ "ಆರಾಮ ಅದೀರೇನ್ರಿ?" ಎನ್ನುತ್ತೇವೆ. ಎರಡು ಮನೆ ಒಂದಾಗಿ ನಿಂತದ್ದು ಆ ಹಳೇ ಗಾಡಿಯ ನಾಲ್ಕು ಗಾಲಿಗಳ ಮೇಲೆ.

ಹೀಗಿರುವಾಗ ಇನ್ನೊಂದು ತೊಡಕು ಹುಟ್ಟಿತು. ಖಾನಾಪುರದಲ್ಲಿ ಸುಮ್ಮನೆ ನಿಂತ ವಾರದಲ್ಲೂ ಪೆಟ್ರೋಲ್ ಇಳಿಯತೊಡಗಿತು. ನಂದಗಡ ಇಟ್ಟು ಬಂದರೆ ಮರುವಾರ ಖಾನಾಪುರ. ಖಾನಾಪುರ ಇಟ್ಟು ಬಂದರೆ ದೇಸೂರ. ಪೆಟ್ರೋಲ್ ಹಾರಿಹೋಗುತ್ತದೆ ಎನ್ನುತ್ತಿದ್ದ ಅಣ್ಣನ ಮಾತು ಖರೆ ಇರಬಹುದೇ ಎಂದುಕೊಂಡೆ. ಸುಮಿತ್ರಾ, "ಟಾಕಿ ಸೋರಾಕತ್ತೈತಿ, ಅದಕ್ಕ ವಾಸನಿ," ಎಂದು ತೀರ್ಪು ಕೊಟ್ಟು ಹೊಸ ನಿಂಬೆಹಣ್ಣು ತೆಗೆದುಕೊಂಡಳು. ಕಡೆಗೆ ನಾನು ಒಂದು ಮಧ್ಯದ ದಾರಿ ಹಿಡಿದೆ. ಕಾರು ಇರಲಿ, ಗ್ಯಾಸ್ ಕಿಟ್ ಹಾಕಿಸೋಣ. ಪೆಟ್ರೋಲೂ ಇರುತ್ತದೆ, ಗ್ಯಾಸೂ ಇರುತ್ತದೆ. ಕುಲಕರ್ಣಿಯವರ ಜಪಾನಿಗೆ ಒಂದು ಹೆಜ್ಜೆ ಹತ್ತಿರ.

ಶನಿವಾರ ಉದ್ಯಮಬಾಗದ ಒಂದು ಗ್ಯಾರೇಜಿಗೆ ಹೋದೆ. ಪರಶುರಾಮ ಮಿಸ್ತ್ರಿ ಡಿಕ್ಕಿಯ ಅಳತೆ ನೋಡಿದ. "ಟಾಕಿ ಇಲ್ಲಿ ಕುಂದರತೈತ್ರಿ ಸಾಹೇಬ್ರ. ಬಾಕೀದ್ದೆಲ್ಲ ಕಾಡಾಯ್ಚ," ಎಂದು, ಉಳಿದದ್ದನ್ನೆಲ್ಲ ತೆಗೆಯಬೇಕೆಂಬುದನ್ನು ಮರಾಠಿ ಬೆರೆಸಿ ಹೇಳಿ, ಬಾಯಿಗೆ ಒಂದು ಬೀಡಿ ಇಟ್ಟುಕೊಂಡು, ಸ್ಟೆಪ್ನಿ ಟೈರನ್ನು ಎತ್ತಿ ಕೆಳಗೆ ಹಾಕಿದ. ಅದರ ಹಿಂದೆ ಗೋಣಿ ತಟ್ಟು ಸುತ್ತಿದ ಒಂದು ಗಂಟಿತ್ತು. ಆ ಗಂಟನ್ನು ನಾನು ಹಿಂದೆಯೂ ನೋಡಿದ್ದೆ. ಗಾಡಿ ಒರೆಸುವ ಅರಿವೆ ಎಂದುಕೊಂಡಿದ್ದೆ. ಮಿಸ್ತ್ರಿ ಕಡ್ಡಿ ಗೀರಿ ಬೀಡಿ ಹಚ್ಚಲು ಹೋದವನು ಗಂಟಿನ ಕಡೆ ಬಗ್ಗಿ ಮೂಸಿದ. ಕಡ್ಡಿಯನ್ನು ಊದಿ ಆರಿಸಿದ. ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿದ. ನಾಲ್ಕು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

"ಸಾಹೇಬ್ರ, ನನಗ ಎರಡು ಮಕ್ಕಳದಾವ್ರಿ."

ಗೋಣಿ ಬಿಚ್ಚಿದರೆ ಐದು ಲೀಟರಿನ ಕ್ಯಾನು. ಮುಚ್ಚಳ ಸಡಿಲಾಗಿತ್ತು, ಅದಕ್ಕೆ ಒಂದು ಚಿಂದಿ ತುರುಕಿತ್ತು. ಒಳಗೆ ಕಂಠದವರೆಗೆ ಪೆಟ್ರೋಲ್. ಇಷ್ಟು ವರ್ಷಗಳ ನಿಂಬೆಹಣ್ಣುಗಳಿಗೆ ಕಾರಣ ಅಲ್ಲಿ ಕುಳಿತಿತ್ತು. ಇಟ್ಟವನು ಯಾರೆಂದು ಕೇಳಬೇಕಾಗಿರಲಿಲ್ಲ. ಗೋಣಿಗೆ ಹಾಕಿದ ಗಂಟು ಅಣ್ಣನ ಗಂಟು, ಹಂಚಿನ ಕಟ್ಟುಗಳಿಗೆ ಹಾಕುವಂಥದ್ದು. ಯಾಕೆ ಇಟ್ಟ ಎನ್ನುವುದು ಮಾತ್ರ ತಿಳಿಯಲಿಲ್ಲ. ಕಿಟ್ಟಿನ ಕೆಲಸ ಸದ್ಯಕ್ಕೆ ಬೇಡ ಎಂದೆ. ಮಿಸ್ತ್ರಿಗೂ ಅದೇ ಬೇಕಾಗಿತ್ತು.

ಮರುದಿನ ಕಾರು ಬಿಡುವ ರವಿವಾರ. ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಖಾನಾಪುರದ ಪಡಸಾಲೆಯ ಮುಂದೆ ನಿಂತೆ. ವೈನಿ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿ ನೋಡಿ, "ಸಿಕ್ಕತೇನು?" ಎಂದರು.

"ಇದೇನ್ರಿ ವೈನಿ?"

"ಪೆಟ್ರೋಲ್."

"ಅದು ಗೊತ್ತಾತ್ರಿ. ಮಿಸ್ತ್ರಿ ಇದರ ಬಾಜೂಕ ಬೀಡಿ ಹಚ್ಚಾಂವಿದ್ದ. ಇದು ಅಲ್ಯಾಕಿತ್ತು?"

"ನಿಮ್ಮ ಸಲುವಾಗಿ. ಮೊದಲ ಅಂಗಳದಾಗ ಇಟ್ಟು ಬರ್‍ರಿ. ಒಳಗ ಒಲಿ ಐತಿ."

ಇಟ್ಟು ಬಂದು ನನ್ನ ಕುರ್ಚಿಯಲ್ಲಿ ಕುಳಿತೆ. ವೈನಿ ಮೊರ ಬದಿಗೆ ಸರಿಸಿದರು.

"ಸದಪ್ಪ, ನೀವು ಕೋಲು ಕೊಯ್ದಿದ್ರಿಲ್ಲ?"

ಎಂಟು ವರ್ಷದ ಹಿಂದಿನ ಗರಗಸದ ಸಪ್ಪಳ ಈಗ ಕೇ‍ಳಿದಂತಾಯಿತು.

"ಅಣ್ಣಗ ಗೊತ್ತಿತ್ತೇನ್ರಿ?"

"ಅಲ್ರೀ, ಸೊನ್ನೀನ ಇಲ್ಲಂದ್ರ ಗೊತ್ತಾಗೂದಿಲ್ಲೇನು? ಒಳಗ ಬಂದು, 'ಸದ್ಯಾ ಕೋಲು ಕೊಯ್ದಾನ, ಅವನ ಮುಂದ ನಗಬ್ಯಾಡ,' ಅಂತ ನನಗ ಹೇಳಿ, ತಾವ ಮತ್ತ ಬಚ್ಚಲಕ್ಕ ಹೋಗಿ ನಕ್ಕು ಬಂದ್ರು. ನೀವು ಅಂದು ಎಷ್ಟು ರೊಟ್ಟಿ ತಿಂದ್ರಿ ಅನ್ನೂದೂ ನೆನಪೈತಿ ನನಗ."

"ಮತ್ತ ಹೊಸಾ ಕೋಲು ಯಾಕ ಮಾಡಲಿಲ್ಲ?"

"ನಾನೂ ಅದನ್ನ ಕೇಳಿದ್ನಿ. 'ಹೊಸಾದು ಮಾಡಿದ್ರ ನನಗ ಗೊತ್ತಾಗೇತಿ ಅಂತ ಅವಗ ಗೊತ್ತಾಗತೈತಿ. ನಾಚಿಕೊಂಡು ಬರೂದು ಬಿಟ್ಟಾನು,' ಅಂದ್ರು. 'ಕೋಲು ಒಂದು ಬೆರಳು ಗಿಡ್ಡ ಆದ್ರ ನಾ ಒಂದು ಬೆರಳು ಪೆಟ್ರೋಲ್ ಜಾಸ್ತಿ ಹಾಕತೀನಿ, ಮುಗೀತು,' ಅಂದ್ರು. ಅವತ್ತಿಂದ ಈ ಕ್ಯಾನು. ನಿಮ್ಮನಿಗೆ ಗಾಡಿ ಬಿಡಾಕ ಬಂದಾಗ, ಅಳತಿ ಆದ ಮ್ಯಾಲ ನೀವು ಹೊರಗ ಹೋದ್ರ ಟಾಕಿಗೆ ಸುರೂದು."

"ನಾ ಎಲ್ಲಿ ಹೊರಗ ಹೋಗತಿದ್ನಿ?"

"ಕುಂದಾ ತರಾಕ."

"ಅದು ನಿಮಗ ಸೇರತೈತಿ ಅಂತ..." ಎಂದೆ.

"ನನಗ ಕುಂದಾ ಆಗಿಬರೂದಿಲ್ಲ! ಹಲ್ಲು ಜುಂ ಅಂತಾವ. ಎಂಟು ವರ್ಷ ಬಾಜೂಮನಿಯವರು ತಿಂದಾರ. ಅವರ ಮನ್ಯಾಗ ಎಲ್ಲಾರೂ ದಪ್ಪ ಆಗ್ಯಾರ, ನೋಡೀರಿಲ್ಲೋ?"

ನಾನು ನಕ್ಕೆ. ವೈನಿಯೂ ನಕ್ಕರು. ನಗುತ್ತಲೇ ಅವರು ಅಂಗಳದ ಕ್ಯಾನಿನ ಕಡೆ ನೋಡಿದರು. ನಗು ಸಣ್ಣದಾಯಿತು. "ಮಂಗಳವಾರ ತುಂಬಿಸಿ ಇಟ್ಟಿದ್ರು. ಬರೂ ರವಿವಾರಕ್ಕ," ಎಂದರು.

ನಾನು ಬಗ್ಗಿ ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದೆ.

ಆಮೇಲೆ ವೈನಿಯೇ ಕೇಳಿದರು. "ಸುಮಿತ್ರಾ ಫೋನ್ ಮಾಡಿದ್ಲು. ಗಾಡಿ ಮಾರತೀರಂತ?"

"ಇಲ್ಲ್ರಿ. ಗ್ಯಾಸ್ ಹಾಕಸೂಣು ಅಂತ. ಪೆಟ್ರೋಲ್ ಭಾಳ ಇಳ್ಯಾಕತ್ತೈತಿ. ನಿಂತಲ್ಲೇ ಹಾರಿ ಹೋಗತೈತಿ."

ವೈನಿ ಮತ್ತೆ ಮೊರ ಎಳೆದುಕೊಂಡು ಕಲ್ಲು ಹುಡುಕತೊಡಗಿದರು. "ಹಾರೂದಿಲ್ಲ ಅದು," ಎಂದರು ಮೆಲ್ಲಗೆ. "ನಾ ಹೊಡೀತೀನಿ."

"ಏನ್ ಹೊಡೀತೀರಿ?"

"ಗಾಡಿ. ಕಾರ್ಖಾನಿ ಲಾರಿ ಡ್ರೈವರ್ ಬಾಬು ಕಲಸಾಕತ್ತಾನ. ಹಂಚು ಒಣಗಿಸೂ ಬಯಲದಾಗ. ಲೈಸನ್ಸೂ ಅರ್ಧ ಆಗೇತಿ, ಎಲ್ ಬೋರ್ಡು ಬಂದೈತಿ. ಹದಿನಾಲ್ಕು ಹಂಚು ಒಡದೀನಿ, ಹಸೀವ ಇದ್ದುವು, ನಡೀತೈತಿ."

"ಯಾಕ್ರಿ ವೈನಿ?"

"ಯಾಕಂದ್ರ? ನನ್ನ ಸರದಿ ವಾರ ಗಾಡಿ ನಾನ ನಿಮ್ಮನಿಗೆ ಬಿಡಬೇಕಿಲ್ಲೋ? ಎಂಟು ತಿಂಗಳಾತು, ನೀವ ಬರೂದು, ನೀವ ಒಯ್ಯೂದು. ಇದೆಂಥಾ ಸರದಿ? ಒಂದಿಲ್ಲೊಂದು ದಿನ ನಿಮಗ ಬ್ಯಾಸರ ಆಕ್ಕೈತಿ ಅಂತ ನನಗ ಹೆದರಿಕಿ."

ಆ ಹೆದರಿಕೆ ನನ್ನೊಬ್ಬನದು ಎಂದು ನಾನು ತಿಳಿದಿದ್ದೆ.

"ಹಂಗಾದ್ರ ಗ್ಯಾಸ್ ಕಿಟ್?" ಎಂದೆ.

ವೈನಿ ಪ್ರಶ್ನೆಯನ್ನು ಪೂರ್ತಿ ಯೋಚಿಸಿದರು. ಬ್ಯಾಟರಿ ಕಾರಿನ ಬಗ್ಗೆ ಕುಲಕರ್ಣಿಯವರು ಹೇಳಿದ್ದನ್ನೂ ಹೇಳಿಸಿಕೊಂಡರು. ಹೊಗೆ ಇಲ್ಲದ್ದು ಅವರಿಗೆ ಹಿಡಿಸಿತು, ಭಟ್ಟಿಯ ಹೊಗೆಯಲ್ಲಿ ಸಂಸಾರ ಮಾಡಿದವರು. ಸಪ್ಪಳ ಇಲ್ಲದ್ದು ಹಿಡಿಸಲಿಲ್ಲ. ಗಾಡಿ ಬಂದದ್ದು ಗೊತ್ತಾಗದಿದ್ದರೆ ಅನ್ನಕ್ಕೆ ಇಡುವುದು ಯಾವಾಗ? ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಆ ಗ್ಯಾಸಿನ ಟಾಕಿ ಡಿಕ್ಕಿಯಾಗ ಕುಂದರತೈತಿ ಅಂದ್ರಿ. ಬ್ಯಾಟರೀದಕ್ಕ ಡಿಕ್ಕೀನ ಇಲ್ಲ ಅಂದ್ರಿ. ಮತ್ತ ಕ್ಯಾನು ಎಲ್ಲಿ ಇಡೂದು?"

ತಿಂಗಳುಗಟ್ಟಲೆ ನಡೆದ ಚರ್ಚೆ ಅಲ್ಲಿಗೆ ಮುಗಿಯಿತು.

ಹೊರಡುವಾಗ ವೈನಿ, "ನೀವು ಕುಂತಿದ್ರಲ್ಲ, ಆ ಕುರ್ಚಿ ಕಾಲ ಬುಡಕ ನೋಡ್ರಿ," ಎಂದರು. ಬಗ್ಗಿ ನೋಡಿದೆ. ಗಿಡ್ಡ ಕಾಲಿನ ಕೆಳಗೆ ಒಂದು ಬೆರಳಿನಷ್ಟು ಕಟ್ಟಿಗೆ ತುಂಡು. ಬದಿಯಲ್ಲಿ ಸುಟ್ಟ ಸೊನ್ನೆ. ಎಂಟು ವರ್ಷ ನಾನು ನನ್ನ ಕಳ್ಳತನದ ಮೇಲೆಯೇ ಕುಳಿತು ಊಟ ಮಾಡಿದ್ದೆ. ತೆಗೆಯಲು ಕೈ ಹಾಕಿದೆ. "ಇರಲಿ ಬಿಡ್ರಿ," ಎಂದರು ವೈನಿ, "ತಗದ್ರ ಮತ್ತ ಕುಂಟತೈತಿ."

ಮುಂದಿನ ರವಿವಾರ ನಾನು ಬಸ್ಸು ಹತ್ತಲಿಲ್ಲ, ಮನೆಯಲ್ಲೇ ಕಾದೆ. ಹನ್ನೆರಡರ ಸುಮಾರಿಗೆ ರಾಮತೀರ್ಥ ನಗರದ ತಿರುವಿನಲ್ಲಿ ಒಂದು ಗಿಯರಿನ ಕಿರುಚಾಟ ಕೇಳಿತು. ಓಣಿಯ ನಾಯಿಗಳು ದಾರಿ ಬಿಟ್ಟವು. ಕಾರು ನಮ್ಮ ಗೇಟಿನ ಮುಂದೆ ಬಂದು, ಸ್ವಲ್ಪ ದಾಟಿ, ನಿಂತಿತು. ಸ್ಟೀರಿಂಗ್ ಹಿಡಿದು ವೈನಿ. ಪಕ್ಕದಲ್ಲಿ ಲಾರಿ ಡ್ರೈವರ್ ಬಾಬು, ಎರಡೂ ಕೈಯಲ್ಲಿ ಸೀಟನ್ನು ಬಿಗಿಹಿಡಿದು ಕುಳಿತಿದ್ದ. ಖಾನಾಪುರದಿಂದ ಹಾಗೇ ಬಂದಿರಬೇಕು, ಬೆರಳು ಬಿಡಿಸಿಕೊಳ್ಳಲು ತುಸು ಹೊತ್ತು ಬೇಕಾಯಿತು. ಸುಮಿತ್ರಾ ಹೊರಗೆ ಓಡಿಬಂದು ವೈನಿಯ ಕೈಗೆ ತನ್ನ ನಿಂಬೆಹಣ್ಣು ಕೊಟ್ಟಳು, ಆರತಿಗೆ ಬೇರೇನೂ ಸಿಗದವಳಂತೆ.

ವೈನಿ ಇಳಿದರು, ಸೆರಗು ಸರಿ ಮಾಡಿಕೊಂಡರು, ಹಿಂದಿನ ಸೀಟಿನ ಕೆಳಗಿನಿಂದ ಕೋಲು ತೆಗೆದರು.

"ಅಳತಿ ಬ್ಯಾಡ್ರಿ ವೈನಿ," ಎಂದೆ.

"ಬ್ಯಾಡ ಅಂದ್ರ ಹೆಂಗ? ಸರದಿ ಅಂದ್ರ ಸರದಿ." ಟಾಕಿಗೆ ಇಳಿಬಿಟ್ಟು ಎತ್ತಿದರು. ಒದ್ದೆ ಆರುವ ಮೊದಲೇ ಹೆಸರು ಕೂಗಿದರು: "ಖಾನಾಪುರ!" ನಾನು ಇಣುಕಿದೆ. ಮೋಟು ಕೋಲಿನ ಖಾನಾಪುರ. ಸರಿಯಾಗಿ ಗೀಟಿನ ಮೇಲೆ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಕೋಲನ್ನು ಒರೆಸಿ ಒಳಗಿಟ್ಟು, ವೈನಿ ಡಿಕ್ಕಿಯ ಹತ್ತಿರ ಹೋಗಿ ಅದಕ್ಕೆ ಒರಗಿಕೊಂಡು ನಿಂತರು. ನನ್ನ ಮುಖ ನೋಡಲಿಲ್ಲ. ಓಣಿಯ ತುದಿಯ ಕಡೆ ನೋಡುತ್ತ ಹೇಳಿದರು.

"ಸದಪ್ಪ, ಪಾವ್ ಕಿಲೋ ಕುಂದಾ ತಗೊಂಡು ಬರ್‍ರಿ. ಓಡ್ರಿ."

ನಾನು ಚಪ್ಪಲಿ ಮೆಟ್ಟಿದೆ. ಗೇಟು ದಾಟಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಡಿಕ್ಕಿ ಕಿರ್ರೆಂದಿತು, ಆಮೇಲೆ ಗುಳುಗುಳು ಸದ್ದು. ತಿರುಗಿ ನೋಡಲಿಲ್ಲ. ಕುಂದಾದ ಅಂಗಡಿ ಎಡಕ್ಕೆ, ಹತ್ತಿರದಲ್ಲೇ ಇದೆ. ನಾನು ಬಲಕ್ಕೆ ತಿರುಗಿ, ಸುತ್ತು ಹಾಕಿಕೊಂಡು ಹೋದೆ.